ಕಾರವಾರ ಅಂಕೋಲೆಗಳ ಹಿತ್ತಿಲಿಗೆ ಮುರುಗಲ ಮರ

ಪೇಟೆಯ ಔಷಧದ ಅಂಗಡಿಗಳಲ್ಲಿ ಎಲ್ಡರ್‌ಬೆರಿ ಎಂಬ ಪರದೇಶದ ಹಣ್ಣಿನ ಪಾಕವು ಸೀಸೆಗಳಲ್ಲಿಯೂ ಅದರ ಗುಳಿಗೆಗಳು ಡಬ್ಬಿಗಳಲ್ಲಿಯೂ ಮಾರಾಟಕ್ಕೆ ಬಂದಿರುವುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ನೆಗಡಿ, ಕೆಮ್ಮು, ಜ್ವರಗಳಿಗೆ ಹಿತವೆಂದು ಹೇಳಿ ಅದನ್ನು ಮಾರುವರು, ಬೆಲೆಯೂ ಹಗುರವಲ್ಲ. ಇದನ್ನು ನೋಡಿ, ಆ ಗಿಡವನ್ನು ನಮ್ಮ ಹಿತ್ತಿಲಿನಲ್ಲಿಯೇ ಬೆಳೆಸಬಹುದೇ, ಸಸಿಗಳು ಎಲ್ಲಿ ದೊರೆಯುವುವು ಎಂದು ಕೇಳುವ ಹಿಡುವಳಿದಾರರೂ ಉಂಟು. ಕೇಳುವುದರಲ್ಲಿ ತಪ್ಪಿಲ್ಲ. ಮನೆಯ ಹಿಂದೆ ಔಷಧಿಯ ಮರವೊಂದು ಇರಬೇಕೆಂಬ ಬಯಕೆ ಒಳ್ಳೆಯದೇ. ಆದರೆ ಉತ್ತರ ಕೊಡುವವನು ಬೇರೊಂದು ಮರದ ಕಡೆಗೆ ಕೈತೋರಿಸಬೇಕಾಗಿದೆ.

ಎಲ್ಡರ್ ಎಂಬುದು ತಂಪು ಸೀಮೆಗಳ ಪೊದೆ. ಯೂರೋಪಿನ ರೈತರು ಅದನ್ನು ಶತಮಾನಗಳಿಂದ ಬೇಲಿಯ ಬದಿಯಲ್ಲಿ ಬೆಳೆಸಿಕೊಂಡು, ಹೂವಿನಿಂದ ಕಷಾಯವನ್ನೂ ಹಣ್ಣಿನಿಂದ ಪಾಕವನ್ನೂ ಮಾಡುತ್ತ ಬಂದಿದ್ದಾರೆ. ಅದರ ಎಲೆ, ತೊಗಟೆ, ಎಳೆಗಾಯಿಗಳಲ್ಲಿ ವಿಷವಾಗಿ ಪರಿಣಮಿಸುವ ಅಂಶವಿರುವುದರಿಂದ ಹಸಿಯಾಗಿ ತಿಂದವರಿಗೆ ವಾಂತಿಯಾಗುವುದುಂಟು. ಹಣ್ಣನ್ನು ಬೇಯಿಸಿಯೇ ಬಳಸಬೇಕು. ಹಿಮ ಬೀಳುವ ನಾಡಿನ ಆ ಪೊದೆಯನ್ನು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ನಿಜವಾದ ಚಳಿಯೆಂಬುದನ್ನೇ ಕಾಣದ ನಮ್ಮ ಕಡಲಂಚಿಗೆ ತಂದು ನೆಡುವುದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.

ಇದರಲ್ಲಿ ಒಂದು ಸ್ವಾರಸ್ಯವುಂಟು. ಎಲ್ಡರ್ ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಸಾಂಬ್ಯೂಕಸ್. ಆ ಹಣ್ಣಿನ ಕರಿಗೆಂಪು ಬಣ್ಣಕ್ಕೆ ಕಾರಣವಾದ ಮುಖ್ಯ ದ್ರವ್ಯಗಳಲ್ಲಿ ಒಂದಕ್ಕೆ ಆ ಗಿಡದ ಹೆಸರಿನಿಂದಲೇ ಸಯನಿಡಿನ್ ಸಾಂಬ್ಯೂಬಯೋಸೈಡ್ ಎಂಬ ಹೆಸರು ಬಂದಿತು. ರಸಾಯನಶಾಸ್ತ್ರಜ್ಞರು ನಮ್ಮ ಮುರುಗಲ ಹಣ್ಣಿನ ಸಿಪ್ಪೆಯನ್ನು ಪರೀಕ್ಷಿಸಿದಾಗ ಅದರ ಕೆಂಪಿನಲ್ಲಿ ಕಂಡುಬಂದುದೂ ಇದೇ ದ್ರವ್ಯ ಮತ್ತು ಇದರ ಒಡಹುಟ್ಟಿನಂತಿರುವ ಸಯನಿಡಿನ್ ಗ್ಲುಕೋಸೈಡ್. ಬಣ್ಣ ಒಂದಾದ ಮಾತ್ರಕ್ಕೆ ಗುಣವೆಲ್ಲವೂ ಒಂದೇ ಎಂದು ಹೇಳಲಾಗದು. ಆದರೂ ಯಾವ ಬಣ್ಣದ ಪಾಕಕ್ಕಾಗಿ ಹಣ ತೆರುತ್ತಿರುವೆವೋ ಅದೇ ಬಣ್ಣವು ನಮ್ಮ ಅಜ್ಜಿಯರು ಅಟ್ಟದ ಮೇಲಿಟ್ಟ ಭರಣಿಯಲ್ಲಿ ಮೊದಲಿನಿಂದಲೂ ಇದ್ದಿತೆಂಬುದನ್ನು ವಾಚಕರು ಗಮನಿಸತಕ್ಕದ್ದು.

ಮುರುಗಲು ಪಶ್ಚಿಮಘಟ್ಟ ಮತ್ತು ಅದರ ಕೆಳಗಿನ ಕರಾವಳಿಯ ಸ್ವಂತ ಮರ. ದಕ್ಷಿಣ ಕನ್ನಡದವರು ಇದನ್ನು ಪುನರ್ಪುಳಿ ಎನ್ನುವರು. ಕೊಂಕಣಿಗರಿಗೆ ಇದು ಭಿರಂಡ. ವ್ಯಾಪಾರಿಗಳು ಕೋಕಂ ಎಂಬ ಹೆಸರಿನಿಂದ ಕೊಳ್ಳುವರು. ವೈದ್ಯಗ್ರಂಥಗಳಲ್ಲಿ ಇದಕ್ಕೆ ವೃಕ್ಷಾಮ್ಲವೆಂದು ಹೆಸರು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತನು ಭಿರಂಡವನ್ನು ತನ್ನ ನುಡಿಗೆ ಹೊಂದಿಸಿಕೊಂಡು ಇದರ ಹುಳಿಯನ್ನೂ ರಕ್ತದಂತಹ ಕೆಂಪನ್ನೂ ಕುರಿತು ಬರೆದಿದ್ದಾನೆ. ಕಾಳಿ ನದಿಯ ಆಚೆಗೂ ಈಚೆಗೂ, ಸದಾಶಿವಗಡದಿಂದ ಹಿಡಿದು ಗಂಗಾವಳಿಯ ದಂಡೆಯವರೆಗೆ, ಜಂಬಿಟ್ಟಿಗೆಯ ನೆಲದಲ್ಲಿಯೂ ತೋಟದ ಅಂಚಿನಲ್ಲಿಯೂ ಹಳ್ಳದ ಬದಿಯಲ್ಲಿಯೂ ಈ ಮರವು ತಾನಾಗಿಯೇ ಬೆಳೆದಿರುತ್ತದೆ. ಕೊಂಬೆಗಳು ಕೆಳಕ್ಕೆ ಜೋತು, ಮರವು ದೂರದಿಂದ ಗೋಪುರದಂತೆ ಕಾಣುವುದು. ಚಿಗುರು ಕೆಂಪು, ಬಲಿತ ಎಲೆ ದಟ್ಟ ಹಸುರು, ವರ್ಷದ ಯಾವ ಕಾಲದಲ್ಲಿಯೂ ಬೋಳಾಗುವುದಿಲ್ಲ.

ಇಷ್ಟು ಪರಿಚಿತವಾದ ಮರವನ್ನು ಕುರಿತು ಬರೆಯುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಿಯಾರು. ಪರಿಚಿತವಾದುದರಿಂದಲೇ ಇದನ್ನು ಯಾರೂ ನೆಡಲಿಲ್ಲ. ಅಜ್ಜನ ಕಾಲದಿಂದ ಇದೆ, ಕಾಡಿನಲ್ಲಿಯೂ ಇದೆ, ನೆಡುವುದೇಕೆ ಎಂದು ಸುಮ್ಮನಿದ್ದೆವು. ಈ ನಡುವೆ ಹಿತ್ತಿಲುಗಳೇ ಕಡಿಮೆಯಾದವು. ಸೀಬರ್ಡ್ ನೌಕಾನೆಲೆಗಾಗಿ ಎರಡೂ ತಾಲೂಕುಗಳ ಕಡಲಬದಿಯ ಹಲವು ಊರುಗಳು ಎದ್ದುಹೋದವು. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗಕ್ಕೂ ಆಮೇಲೆ ಹೆದ್ದಾರಿಯ ಅಗಲೀಕರಣಕ್ಕೂ ಭೂಮಿ ಹೋಯಿತು. ಉಳಿದ ಕಡೆ ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಅಂಗಳಕ್ಕೆ ನೆರಳಾಯಿತೆಂದು ಮೊದಲು ಬೀಳುವ ಮರ ಇದೇ. ಮರ ಬಿದ್ದರೆ ಇನ್ನೊಂದನ್ನು ನೆಟ್ಟರಾಯಿತು ಎನ್ನುವಂತಿಲ್ಲ. ಯಾತಕ್ಕೆಂದರೆ ಮುರುಗಲಿನಲ್ಲಿ ಮರಕ್ಕೂ ಮರಕ್ಕೂ ಬಹಳ ಅಂತರವುಂಟು. ಒಂದರ ಹಣ್ಣು ನೆಲ್ಲಿಕಾಯಿಯಷ್ಟು, ಇನ್ನೊಂದರದು ಸಣ್ಣ ಕಿತ್ತಳೆಯಷ್ಟು. ಒಂದರ ಸಿಪ್ಪೆ ಕಾಗದದಂತೆ, ಇನ್ನೊಂದರದು ಬೆರಳ ದಪ್ಪ. ಒಂದು ವೈಶಾಖದಲ್ಲಿಯೇ ಹಣ್ಣಾದರೆ ಇನ್ನೊಂದು ಮಳೆ ಹಿಡಿದ ಮೇಲೆ ಹಣ್ಣಾಗಿ ಕೊಳೆತು ಬೀಳುವುದು. ಮೂರು ತಲೆಮಾರಿನವರು ಹಣ್ಣು ತಿಂದು 'ಇದು ಒಳ್ಳೆಯದು' ಎಂದು ಉಳಿಸಿಕೊಂಡು ಬಂದ ಒಂದು ಹೆಣ್ಣುಮರ ಕಡಿದು ಹೋದರೆ ಆ ಜಾತಿಯೇ ಹೋದಂತೆ. ಅದರ ಬೀಜದಿಂದ ಹುಟ್ಟಿದ ಸಸಿ ತಾಯಿಯಂತೆಯೇ ಆಗುವುದೆಂಬ ಭರವಸೆಯಿಲ್ಲ. ಹೆಣ್ಣಾಗುವುದೆಂಬ ಭರವಸೆಯೂ ಇಲ್ಲ.

ಗಂಡುಹೆಣ್ಣಿನ ಈ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಮುರುಗಲಿನಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಎರಡು ಬಗೆಯ ಹೂವೂ ಒಂದೇ ಮರದಲ್ಲಿ ಬರುವುದು ಅಪರೂಪ. ಬೀಜ ಬಿತ್ತಿ ಸಸಿ ಮಾಡಿದರೆ ಸುಮಾರು ಅರ್ಧದಷ್ಟು ಗಂಡಾಗುವುವು. ಅದು ಗೊತ್ತಾಗುವುದು ಹೂ ಬಿಟ್ಟಾಗಲೇ, ಅಂದರೆ ಆರೇಳು ವರ್ಷಗಳ ಅನಂತರ. ಹೂವಿನಲ್ಲಿ ಗುರುತು ಸ್ಪಷ್ಟ. ಗಂಡುಹೂಗಳು ಗೊಂಚಲಾಗಿ ಬರುವುವು, ನಡುವೆ ಕೇಸರಗಳು ಒತ್ತಾಗಿ ತುಂಬಿರುವುವು. ಹೆಣ್ಣುಹೂಗಳು ಒಂಟಿಯಾಗಿಯೋ ಎರಡುಮೂರು ಒಟ್ಟಾಗಿಯೋ ಇದ್ದು, ನಡುವೆ ಪುಟ್ಟ ಹಸುರು ಗುಂಡೂ ಅದರ ತಲೆಯ ಮೇಲೆ ಒತ್ತಿದಂತಹ ಚಪ್ಪಟೆ ಮುಚ್ಚಳವೂ ಕಾಣುವುವು. ಆ ಗುಂಡೇ ಮುಂದೆ ಹಣ್ಣಾಗತಕ್ಕದ್ದು. ಕಾರ್ತಿಕದಿಂದ ಮಾಘದವರೆಗೆ ಹೂವಿನ ಕಾಲ. ಆಗ ಮರದ ಕೆಳಗೆ ನಿಂತು ಒಂದು ಕೊಂಬೆಯನ್ನು ಬಗ್ಗಿಸಿ ನೋಡಿದರೆ ಮಕ್ಕಳೂ ಹೇಳಬಲ್ಲರು.

ಗಂಗಾವಳಿಯ ಬದಿಯ ಒಂದು ಊರಿನಲ್ಲಿ ನಾವು ಕಂಡ ಸಂಗತಿಯನ್ನು ಇಲ್ಲಿ ಹೇಳಬಹುದು. ಅಲ್ಲಿಯ ಹಿರಿಯ ಹಿಡುವಳಿದಾರರೊಬ್ಬರು ಬೇಣದಲ್ಲಿ ಎರಡು ಡಜನು ಮುರುಗಲ ಸಸಿಗಳನ್ನು ಬೀಜದಿಂದಲೇ ಮಾಡಿ ಅಕ್ಕರೆಯಿಂದ ಬೆಳೆಸಿದ್ದರು. ಎಂಟನೆಯ ವರ್ಷ ನೋಡಿದರೆ ಅರ್ಧಕ್ಕಿಂತ ಹೆಚ್ಚು ಮರಗಳು ಬರಿಯ ಹೂ ಬಿಟ್ಟು ಉದುರಿಸುತ್ತಿದ್ದುವು. ಸಿಟ್ಟಿನಿಂದ ಅವರು ಅವನ್ನೆಲ್ಲ ಒಂದೇ ದಿನ ಕಡಿಸಲು ಹೊರಟಾಗ, ಕೆಲಸಕ್ಕೆ ಬಂದಿದ್ದ ಹಾಲಕ್ಕಿ ಮುದುಕಿಯೊಬ್ಬಳು, "ಗಂಡನ್ನೆಲ್ಲ ಕಡಿದರೆ ಹೆಣ್ಣು ಬಸಿರಾಗುವುದು ಹೇಗೆ, ಒಡೆಯಾ?" ಎಂದು ಕೇಳಿದಳಂತೆ. ಒಡೆಯರು ನಕ್ಕುಬಿಟ್ಟು ಕಡಿಸಿಯೇ ಕಡಿಸಿದರು. ಮರುವರ್ಷ ಹೆಣ್ಣುಮರಗಳಲ್ಲಿ ಕಾಯಿ ಅರ್ಧಕ್ಕಿಳಿಯಿತು. ಈಗ ಅವರೇ ಆ ಮಾತನ್ನು ಬಂದವರಿಗೆಲ್ಲ ಹೇಳುತ್ತಾರೆ. ಹತ್ತು ಹೆಣ್ಣುಮರಗಳಿಗೆ ಒಂದು ಗಂಡುಮರ ಸಾಕು, ಆದರೆ ಆ ಒಂದು ಬೇಕು. ನೆರೆಯ ಕಾಡಿನಲ್ಲಿ ಗಂಡುಮರವಿದ್ದರೆ ಒಂಟಿ ಹೆಣ್ಣುಮರವನ್ನು ನೆಟ್ಟ ಮನೆಯವರು ಚಿಂತಿಸಬೇಕಾಗಿಲ್ಲ. ಹೆಚ್ಚಾದ ಗಂಡುಮರಗಳನ್ನು ಬುಡಸಹಿತ ಕಿತ್ತು ಒಗೆಯುವ ಬದಲು, ಮೋಟು ಕಡಿದು, ಅಲ್ಲಿ ಒಡೆದ ಹೊಸ ಚಿಗುರಿಗೆ ಹೆಣ್ಣುಮರದ ಕುಡಿಯನ್ನು ಕಸಿ ಕಟ್ಟಿಸುವುದು ಜಾಣತನ. ಬೇರು ಆಗಲೇ ಆಳಕ್ಕೆ ಇಳಿದಿರುತ್ತದೆ.

ಆದಕಾರಣ ಹಿತ್ತಿಲಿಗೆ ನೆಡತಕ್ಕದ್ದು ಕಸಿಗಿಡವನ್ನೇ. ಗುರುತು ತಿಳಿದ ಹೆಣ್ಣುಮರದ ಕುಡಿಯಿಂದ ಮಾಡಿದ ಗಿಡವು ಹೆಣ್ಣೇ ಆಗಿರುವುದು, ತಾಯಿಯ ಗುಣವನ್ನೇ ತರುವುದು, ನಾಲ್ಕೈದು ವರ್ಷಗಳಲ್ಲಿ ಹಣ್ಣನ್ನೂ ಕೊಡುವುದು. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದವರು ಆರಿಸಿ ಬಿಡುಗಡೆ ಮಾಡಿದ ಕೊಂಕಣ ಅಮೃತ, ಕೊಂಕಣ ಹಾತಿಸ್ ಎಂಬ ಎರಡು ತಳಿಗಳಿವೆ. ಮೊದಲನೆಯದು ಮಳೆಗೆ ಮುಂಚೆ ಕೊಯ್ಲಿಗೆ ಬರುವುದೆಂದೂ ಎರಡನೆಯದು ದೊಡ್ಡ ಹಣ್ಣಿನದೆಂದೂ ಹೆಸರಾಗಿವೆ. ನಮ್ಮ ಜಿಲ್ಲೆಯಲ್ಲಿ ಶಿರಸಿಯ ಅರಣ್ಯ ಮಹಾವಿದ್ಯಾಲಯದವರೂ ಮುರುಗಲಿನ ಕಸಿಯ ಮೇಲೆ ಕೆಲಸ ಮಾಡಿದ್ದಾರೆ. ಹೊರಗಿನಿಂದ ತಂದ ಗಿಡ ನೆಡಬಾರದೆಂದಲ್ಲ. ಆದರೆ ನಿಮ್ಮ ಊರಿನ ನೆಲ, ಗಾಳಿ, ಮಳೆಗಳನ್ನು ಐವತ್ತು ವರ್ಷ ತಡೆದುಕೊಂಡು ನಿಂತ ಹೆಣ್ಣುಮರವು ನಿಮ್ಮ ಕಣ್ಣೆದುರಿಗಿರುವಾಗ ಮೊದಲು ಅದರ ಕುಡಿಯನ್ನು ಉಳಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ತಾಯಿಮರವನ್ನು ಆರಿಸುವ ವಿದ್ಯೆ ಅಂಕೋಲೆ ತಾಲೂಕಿಗೆ ಹೊಸದಲ್ಲ. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದವರು. ಅಕ್ಷರ ಕಲಿಯದ ಆ ಹಾಲಕ್ಕಿ ಹೆಣ್ಣುಮಗಳು ಕಾಡಿನಲ್ಲಿ ಯಾವ ಜಾತಿಯ ತಾಯಿಮರ ಎಲ್ಲಿದೆ, ಅದರ ಬೀಜವನ್ನು ಯಾವಾಗ ಆಯಬೇಕು ಎಂಬುದನ್ನು ಬಲ್ಲವರೆಂದು ಹೆಸರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿ, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರಂತಹ ತಿಳಿವಳಿಕೆಯುಳ್ಳ ಮುದುಕ ಮುದುಕಿಯರು ಎರಡೂ ತಾಲೂಕುಗಳ ಹಾಲಕ್ಕಿ ಕೊಪ್ಪಗಳಲ್ಲಿ ಇನ್ನೂ ಇದ್ದಾರೆ. ಊರಿನ ಮುಖಂಡರು ಅವರನ್ನು ಕರೆದುಕೊಂಡು ಒಂದು ಸಲ ಊರು ಸುತ್ತಿದರೆ, ಒಳ್ಳೆಯ ಮುರುಗಲು ಯಾರ ಹಿತ್ತಿಲಿನಲ್ಲಿದೆ ಎಂಬುದು ಅರ್ಧ ದಿನದಲ್ಲಿ ತಿಳಿಯುವುದು.

ಆರಿಸುವಾಗ ದೊಡ್ಡ ಹಣ್ಣನ್ನೇ ನೋಡಿ ಮರುಳಾಗಬಾರದು. ನಮ್ಮ ಕಡೆ ಎಲ್ಲಕ್ಕಿಂತ ಮುಖ್ಯವಾದ ಗುಣವು ಬೇಗನೆ ಹಣ್ಣಾಗುವುದು. ಕೃತ್ತಿಕೆ ಮಳೆಯ ಹೊತ್ತಿಗೆ ಮುಕ್ಕಾಲು ಹಣ್ಣು ಮುಗಿಯುವ ಮರವೇ ಮೊದಲನೆಯ ತರಗತಿ. ರೋಹಿಣಿಯಲ್ಲಿ ಹಣ್ಣಾಗುವುದು ಎರಡನೆಯದು; ಅದೃಷ್ಟವಿದ್ದರೆ ಒಣಗೀತು. ಮೃಗಶಿರಕ್ಕೆ ಕಾಯಿ ಇನ್ನೂ ಹಸುರಾಗಿದ್ದರೆ ಆ ಮರದ ಹಣ್ಣು ಎಷ್ಟೇ ದೊಡ್ಡದಾಗಿದ್ದರೂ ಹಕ್ಕಿಗಳಿಗೂ ಹುಳುಗಳಿಗೂ ಸಲ್ಲತಕ್ಕದ್ದು. ಇದಾದ ಮೇಲೆ ಸಿಪ್ಪೆಯ ದಪ್ಪ, ಬಣ್ಣದ ಗಾಢತೆ, ವರ್ಷ ಬಿಟ್ಟು ವರ್ಷವಲ್ಲದೆ ಪ್ರತಿವರ್ಷವೂ ಕಾಯುವ ಸ್ವಭಾವ, ಇವನ್ನು ನೋಡಬೇಕು. ಹಳದಿ ಹಣ್ಣು ಬಿಡುವ ಬಿಳಿ ಮುರುಗಲೂ ಕೆಲವು ಮನೆಗಳಲ್ಲಿ ಉಂಟು. ಬಣ್ಣವಿಲ್ಲದುದರಿಂದ ಪೇಟೆಯಲ್ಲಿ ಅದನ್ನು ಕೇಳುವವರು ಕಡಿಮೆ, ಮನೆಮದ್ದಿಗೆ ಮಾತ್ರ ಅದನ್ನೇ ಮೆಚ್ಚುವ ಮನೆಗಳಿವೆ. ಅಂತಹ ಮರವಿದ್ದವರು ಅದನ್ನು ಕಡಿಯಬಾರದೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ.

ಕಸಿಗೆ ಬೇಕಾದ ಬೇರುಸಸಿಗಳನ್ನು ಮುರುಗಲ ಬೀಜದಿಂದಲೇ ಮಾಡಿಕೊಳ್ಳತಕ್ಕದ್ದು. ಬೀಜವು ಬಹಳ ದಿನ ಜೀವ ಹಿಡಿದಿರುವುದಿಲ್ಲ. ಹಣ್ಣು ಬಿಡಿಸಿದೊಡನೆ ತೊಳೆದು, ನೆರಳಿನಲ್ಲಿ ಒಂದೆರಡು ದಿನ ಆರಿಸಿ, ಕೂಡಲೇ ಬಿತ್ತಬೇಕು. ಬಿಸಿಲಿನಲ್ಲಿ ಒಣಗಿಸಿ ಕಾಪಿಟ್ಟ ಬೀಜ ತುಪ್ಪಕ್ಕಾದೀತೇ ಹೊರತು ಮೊಳಕೆಗಾಗದು. ಸಸಿಯ ಕಾಂಡವು ಪೆನ್ಸಿಲಿನ ದಪ್ಪಕ್ಕೆ ಬಂದಾಗ ಮೃದುಕಾಂಡ ಕಸಿಯ ರೀತಿಯಲ್ಲಿ, ಅಂದರೆ ಸಸಿಯ ತಲೆಯನ್ನು ಕತ್ತರಿಸಿ ಸೀಳಿ, ಬೆಣೆಯಂತೆ ಕೆತ್ತಿದ ಕುಡಿಯನ್ನು ಅದರೊಳಗೆ ಕೂರಿಸಿ ಪಟ್ಟಿ ಸುತ್ತುವರು. ಕುಡಿಯನ್ನು ಎಲ್ಲಿಂದ ತೆಗೆಯುವರೆಂಬುದರ ಮೇಲೆ ಮರದ ಆಕಾರ ನಿಂತಿದೆ. ನೆಟ್ಟಗೆ ಮೇಲಕ್ಕೆ ಏಳುವ ಚಿಗುರಿನಿಂದ ತೆಗೆದ ಕುಡಿ ಎತ್ತರದ ಮರವಾಗುವುದು. ಅಡ್ಡಕ್ಕೆ ಚಾಚಿದ ಕೊಂಬೆಯ ತುದಿಯಿಂದ ತೆಗೆದುದು ಗಿಡ್ಡಾಗಿ ಹರಡಿಕೊಳ್ಳುವುದು. ಸಣ್ಣ ಹಿತ್ತಿಲಿನವರಿಗೆ, ಏಣಿಯಿಲ್ಲದೆ ಹಣ್ಣು ಕೀಳಬೇಕೆನ್ನುವವರಿಗೆ, ಎರಡನೆಯದೇ ಅನುಕೂಲ. ಈ ಕೆಲಸವನ್ನು ಪುಸ್ತಕ ನೋಡಿ ಕಲಿಯುವುದಕ್ಕಿಂತ ಮಾವಿನ ಕಸಿ ಬಲ್ಲವರ ಕೈಯಿಂದ ಕಲಿಯುವುದು ಲೇಸು. ಅಂಕೋಲೆಯಲ್ಲಿ ಕರಿ ಈಶಾಡ ಮಾವಿನ ಕಸಿ ಕಟ್ಟುವವರು ಇದ್ದೇ ಇದ್ದಾರೆ.

ನೆಡುವ ರೀತಿಯಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಎರಡಡಿ ಆಳ ಅಗಲದ ಗುಂಡಿಯನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲು ಕಾಯಿಸಿ, ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಮಳೆ ನೆಲೆನಿಂತ ಮೇಲೆ ನೆಡಬೇಕು. ಹಲವು ಗಿಡಗಳನ್ನು ಸಾಲಾಗಿ ನೆಡುವವರು ಇಪ್ಪತ್ತಡಿ ಅಂತರವಿಡಲಿ. ನೀರು ನಿಲ್ಲುವ ಜಾಗ ಬೇಡ. ಎಳೆಯ ಗಿಡವು ಬಿಸಿಲನ್ನು ತಾಳಲಾರದು. ಮೊದಲ ಎರಡು ಬೇಸಗೆ ತೆಂಗಿನ ಹೆಡೆಯ ನೆರಳನ್ನೂ ವಾರಕ್ಕೆರಡು ಕೊಡ ನೀರನ್ನೂ ಕೊಟ್ಟರೆ ಮುಂದೆ ಅದು ತನ್ನನ್ನು ತಾನೇ ನೋಡಿಕೊಳ್ಳುವುದು. ತೆಂಗು ಅಡಕೆಗಳ ನೆರಳಿನಲ್ಲಿಯೂ ಬದುಕುವುದರಿಂದ ತೋಟದ ಅಂಚಿಗೆ ಹೊಂದುವುದು. ಕಸಿಯ ಕೆಳಗೆ ಬೇರುಸಸಿಯಿಂದ ಒಡೆಯುವ ಚಿಗುರನ್ನು ಮಾತ್ರ ಆಗಾಗ ಚಿವುಟಬೇಕು. ಇಲ್ಲವಾದರೆ ಕಸಿ ಸತ್ತು, ಗಂಡೋ ಹೆಣ್ಣೋ ತಿಳಿಯದ ಕಾಡುಗಿಡ ಬೆಳೆದು, ಯಜಮಾನನು ಕಸಿ ಕಟ್ಟಿದವನನ್ನು ಬೈಯುವಂತಾಗುವುದು.

ಇನ್ನು ಕೊಯ್ಲು. ಹಣ್ಣು ಪೂರ್ಣ ಕೆಂಪಾದ ಮೇಲೆಯೇ ಕೀಳಬೇಕು. ಹಣ್ಣಿನ ತೂಕದಲ್ಲಿ ಸುಮಾರು ಅರ್ಧದಷ್ಟು ಸಿಪ್ಪೆ. ಅದನ್ನು ಒಡೆದು, ಬೀಜ ಮತ್ತು ತಿರುಳನ್ನು ಬೇರೆ ಪಾತ್ರೆಗೆ ತೆಗೆದು, ಸಿಪ್ಪೆಯನ್ನು ನೆಲದ ಮೇಲಲ್ಲದೆ ಚಾಪೆ ಅಥವಾ ಬಿದಿರ ತಟ್ಟಿಯ ಮೇಲೆ ಹರಡತಕ್ಕದ್ದು. ತಿರುಳಿನ ರಸಕ್ಕೆ ಉಪ್ಪು ಬೆರೆಸಿ, ಅರೆ ಒಣಗಿದ ಸಿಪ್ಪೆಯನ್ನು ಅದರಲ್ಲಿ ಅದ್ದಿ ಮತ್ತೆ ಒಣಗಿಸುವುದನ್ನು ಮೂರುನಾಲ್ಕು ಸಲ ಮಾಡಿದರೆ ಕಾರವಾರದ ಅಡುಗೆಮನೆಯವರು ಬಯಸುವ ಕಪ್ಪುಗೆಂಪಿನ ಮೆತ್ತನೆಯ ಸೋಲ ಸಿದ್ಧವಾಗುವುದು. ಬಂಗಡೆಯ ಸಾರಿಗೂ ತೆಂಗಿನ ಹಾಲಿನ ಸೋಲಕಡಿಗೂ ಇದೇ ಬೇಕು. ಉಪ್ಪು ಹಾಕದೆ ಒಣಗಿಸಿದುದು ಮದ್ದಿಗೂ ಪಾನಕಕ್ಕೂ ಲೇಸು. ಆರೆಂಟು ದಿನಗಳ ಒಳ್ಳೆಯ ಬಿಸಿಲು ಬೇಕು. ಅಷ್ಟರೊಳಗೆ ಮೋಡ ಕವಿದರೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ವಾಡಿಕೆ. ಹಾಗೆ ಮಾಡಿದ ಸಿಪ್ಪೆಗೆ ಹೊಗೆಯ ವಾಸನೆ ಹಿಡಿದು ಬೆಲೆ ಇಳಿಯುವುದು. ಅಡಕೆ ಒಣಗಿಸಲು ಹಲವರು ಕಟ್ಟಿಕೊಂಡಿರುವ ಪ್ಲಾಸ್ಟಿಕ್ ಹೊದಿಕೆಯ ಒಣಗುಮನೆಗಳು ವೈಶಾಖ ಜ್ಯೇಷ್ಠಗಳಲ್ಲಿ ಬಹುಮಟ್ಟಿಗೆ ಖಾಲಿಯಿರುತ್ತವೆ. ಇವನ್ನು ನೆರೆಯವರ ಮುರುಗಲಿಗೆ ಬಿಟ್ಟುಕೊಡುವ ಏರ್ಪಾಡು ಊರಿನಲ್ಲಿ ಆದರೆ ಯಾರಿಗೂ ನಷ್ಟವಿಲ್ಲ.

ಹುಳಿಯ ಪದಾರ್ಥವಾದುದರಿಂದ ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಪಾತ್ರೆಗಳು ಇದಕ್ಕೆ ಸಲ್ಲವು. ಮಣ್ಣಿನ, ಪಿಂಗಾಣಿಯ, ಗಾಜಿನ, ಸ್ಟೀಲಿನ ಪಾತ್ರೆಗಳೇ ಆಗಬೇಕು. ಪಾನಕದ ಪಾಕಕ್ಕೆ ಹಸಿಯ ಸಿಪ್ಪೆಯನ್ನೂ ಅದರ ಎರಡರಷ್ಟು ಸಕ್ಕರೆಯನ್ನೂ ಭರಣಿಯಲ್ಲಿ ಪದರ ಪದರವಾಗಿ ತುಂಬಿ ವಾರದ ಕಾಲ ಬಿಸಿಲಿಗಿಟ್ಟು ಸೋಸಿಕೊಳ್ಳುವರು. ಬೆಂಕಿ ತೋರಿಸಬೇಕಾಗಿಲ್ಲ. ಬಣ್ಣವನ್ನು ಕಾಪಾಡುವ ರೀತಿಯೂ ಇದೇ, ಏಕೆಂದರೆ ಬಹಳ ಕುದಿಸಿದರೆ ಆ ಕೆಂಪು ಮಂಕಾಗುವುದು.

ಬೀಜವನ್ನು ಒಗೆಯುವವರೇ ಹೆಚ್ಚು. ಇದು ದೊಡ್ಡ ನಷ್ಟ. ಬೀಜವನ್ನು ತೊಳೆದು ಒಣಗಿಸಿ, ಸಿಪ್ಪೆ ತೆಗೆದು, ತಿರುಳನ್ನು ಕುಟ್ಟಿ, ನೀರಿನಲ್ಲಿ ಚೆನ್ನಾಗಿ ಕುದಿಸಿ ಆರಲು ಬಿಟ್ಟರೆ ಮೇಲೆ ಬಿಳಿಯ ಕೆನೆಯಂತೆ ಹೆಪ್ಪುಗಟ್ಟುವುದೇ ಮುರುಗಲ ತುಪ್ಪ. ಹಿಂದೆ ಮನೆಯ ಹೆಂಗಸರು ಇದನ್ನು ಮೊಟ್ಟೆಯಾಕಾರದ ಉಂಡೆ ಕಟ್ಟಿ ವರ್ಷವಿಡೀ ಇಟ್ಟುಕೊಳ್ಳುತ್ತಿದ್ದರು. ನಮ್ಮ ಬೇಸಗೆಯಲ್ಲಿಯೂ ಗಟ್ಟಿಯಾಗಿರುವ, ಮೈಗೆ ಹಚ್ಚಿದೊಡನೆ ಕರಗುವ ಈ ಗುಣಕ್ಕಾಗಿಯೇ ಇಂದು ಮುಲಾಮು ಮತ್ತು ಸೌಂದರ್ಯಸಾಧನಗಳನ್ನು ಮಾಡುವ ಕಾರಖಾನೆಗಳು ಇದನ್ನು ಕೊಳ್ಳುತ್ತವೆ. ಒಡೆದ ಹಿಮ್ಮಡಿಗೆ, ಒಡೆದ ತುಟಿಗೆ, ಗದ್ದೆಯ ಕೆಸರಿನಲ್ಲಿ ನಿಂತು ಬೆರಳ ಸಂದಿ ಬಿರಿದವರಿಗೆ ರಾತ್ರಿ ಕಾಲು ತೊಳೆದು ಒರಸಿ ಇದನ್ನು ಬಿಸಿಮಾಡಿ ಹಚ್ಚುವುದು ನಿಜಕ್ಕೂ ಒಳ್ಳೆಯ ಉಪಚಾರ. ಸುಟ್ಟ ಗಾಯಕ್ಕೆ ಒಡನೆಯೇ ತುಪ್ಪ ಹಚ್ಚುವ ರೂಢಿ ಮಾತ್ರ ಸರಿಯಲ್ಲ. ಮೊದಲು ಇಪ್ಪತ್ತು ನಿಮಿಷ ತಣ್ಣೀರಿನ ಧಾರೆ ಹಿಡಿಯಬೇಕು. ಗುಳ್ಳೆ ಎದ್ದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಗಾಯ ಮಾಯ್ದು ಚರ್ಮ ಬಿಗಿದಾಗ ತುಪ್ಪದ ಸರದಿ.

ಸಿಪ್ಪೆಯ ಔಷಧೋಪಯೋಗಗಳಲ್ಲಿ ನಮ್ಮ ಕಡೆ ಮೊದಲನೆಯದು ಪಿತ್ತಗಂಧೆಗೆ. ಮೈಮೇಲೆ ದಡಿಕೆ ಎದ್ದು ತುರಿಸುವಾಗ ಸಿಪ್ಪೆಯನ್ನು ನೆನೆಸಿದ ನೀರನ್ನು ಕುಡಿಸಿ, ಅದೇ ನೀರನ್ನು ಮೈಗೂ ಸವರುವರು. ತುರಿಕೆ ಶಮನವಾಗುವುದೆಂಬುದು ತಲೆಮಾರುಗಳ ಅನುಭವ. ಆದರೆ ತುಟಿ, ನಾಲಗೆ ಊದಿಕೊಂಡು ಉಸಿರು ಕಟ್ಟುವಂತಾದರೆ ಅದು ಮನೆಮದ್ದಿನ ಕಾಲವಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಿಸಿಲಿನ ದಣಿವಿಗೆ, ಬಾಯಿ ರುಚಿಗೆಟ್ಟಾಗ, ಊಟ ಭಾರವಾದಾಗ ಮುರುಗಲ ಸಾರು, ಪಾನಕ, ತಂಬುಳಿಗಳ ಹಿತವನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಭೇದಿಗೆ ಇದರ ತೊಗಟೆಯ ಕಷಾಯವನ್ನು ಕೊಡುವ ಪದ್ಧತಿಯುಂಟು. ಮಕ್ಕಳ ಭೇದಿಯಲ್ಲಿ ಮೊದಲು ಬೇಕ��ದುದು ಉಪ್ಪು ಸಕ್ಕರೆ ಬೆರೆಸಿದ ಜೀವಜಲ. ಅದನ್ನು ಬಿಟ್ಟು ಕಷಾಯವನ್ನೇ ನಂಬಿ ಕೂರಬಾರದು. ತೊಗಟೆಗಾಗಿ ಮರವನ್ನು ಸುಲಿಯುವುದೂ ಬೇಡ. ರಕ್ತದೊತ್ತಡವುಳ್ಳವರು ಉಪ್ಪಿನ ಸೋಲವನ್ನೂ ಸಿಹಿಮೂತ್ರದವರು ಸಕ್ಕರೆಯ ಪಾಕವನ್ನೂ ಮಿತವಾಗಿ ಬಳಸಬೇಕೆಂಬುದು ಸ್ಪಷ್ಟ.

ಮೈ ಇಳಿಸುವ ಮಾತ್ರೆಗಳ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮುರುಗಲು ಮತ್ತು ಅದರ ದಾಯಾದಿಯಾದ ಉಪ್ಪಾಗೆ, ಎರಡರ ಸಿಪ್ಪೆಯಲ್ಲಿಯೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬ ಹುಳಿಯಿದೆ. ಇದು ಕೊಬ್ಬನ್ನು ಕರಗಿಸುವುದೆಂಬ ಸುದ್ದಿ ಹಬ್ಬಿ 1990ರ ದಶಕದಿಂದ ಪರದೇಶಗಳಲ್ಲಿ ಮಾತ್ರೆಗಳ ವ್ಯಾಪಾರ ಬೆಳೆಯಿತು. 1998ರಲ್ಲಿ ಅಮೇರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 135 ಮಂದಿಯನ್ನು 12 ವಾರ ನೋಡಿಕೊಂಡಾಗ, ಉಪ್ಪಾಗೆಯ ಸತ್ವವನ್ನು ನುಂಗಿದವರಿಗೂ ಬರಿಯ ಹುಸಿಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಇಂತಹ ಮಾತ್ರೆ ತಿಂದವರಲ್ಲಿ ಕೆಲವರ ಯಕೃತ್ತು ಕೆಟ್ಟ ಪ್ರಕರಣಗಳೂ ಅನಂತರ ವರದಿಯಾದವು. ಸಾರು, ಪಾನಕ ಬೇರೆ. ಸತ್ವವನ್ನು ಹಿಂಡಿ ತುಂಬಿದ ಮಾತ್ರೆ ಬೇರೆ.

ಆ ವ್ಯಾಪಾರದ ಬಿಸಿ ನಮ್ಮ ಜಿಲ್ಲೆಯ ಕಾಡಿಗೆ ತಾಗಿದುದನ್ನು ಶಿರಸಿ ಸಿದ್ದಾಪುರಗಳ ಕಡೆಯವರು ಮರೆತಿಲ್ಲ. ಉಪ್ಪಾಗೆಗೆ ಹಠಾತ್ತನೆ ಬೆಲೆ ಬಂದಾಗ, ನಾನು ಬಿಟ್ಟರೆ ಇನ್ನೊಬ್ಬನು ಒಯ್ಯುವನೆಂಬ ಆತುರದಿಂದ ಕಾಯನ್ನು ಬಲಿಯುವ ಮೊದಲೇ ಕಿತ್ತರು. ಮರ ಹತ್ತಲಾರದವರು ಕೊಂಬೆಯನ್ನೇ ಕಡಿದು ಕೆಡವಿದರು. ಮಳೆಗಾಲದಲ್ಲಿ ಅದನ್ನು ಒಣಗಿಸಲು ರಾಶಿ ರಾಶಿ ಕಟ್ಟಿಗೆ ಉರಿಸಿದರು. ಮುರುಗಲಿಗೂ ಈಗ ಪಾನಕದ ಕಾರಖಾನೆಗಳಿಂದ ಬೇಡಿಕೆ ಏರುತ್ತಿದೆ. ಸಿಂಧುದುರ್ಗ ರತ್ನಾಗಿರಿಗಳ ಕೋಕಂ 2016ರಲ್ಲಿಯೇ ಭೌಗೋಳಿಕ ಗುರುತನ್ನು ಪಡೆಯಿತು. ಅಂಕೋಲೆಯ ಕರಿ ಈಶಾಡಕ್ಕೆ 2023ರಲ್ಲಿ ಆ ಮಾನ ದೊರೆಯಿತು. ಬೆಲೆ ಬರುವುದು ಸಂತೋಷದ ವಿಷಯ, ಆದರೆ ಆ ಬೆಲೆಯನ್ನು ಕಾಡಿನ ಮರಗಳೇ ತೆರುವಂತಾಗಬಾರದು. ಸರಕಾರೀ ಅರಣ್ಯದ ಹಣ್ಣನ್ನು ಇಲಾಖೆಯ ಅನುಮತಿಯಿಲ್ಲದೆ ಕೀಳುವಂತಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಸೊಪ್ಪಿನ ಬೆಟ್ಟದ ಸವಲತ್ತುಳ್ಳವರು ತಮ್ಮ ಬೆಟ್ಟದ ಹೆಣ್ಣುಮುರುಗಲಿಗೆ ಸೊಪ್ಪಿನ ಕತ್ತಿ ತಾಗದಂತೆ ಆಳುಗಳಿಗೆ ಮುಂಚಿತವಾಗಿ ತಿಳಿಸಿಡಬೇಕು. ಎಳೆಗಾಯನ್ನು ಕೊಳ್ಳುವ ದಲ್ಲಾಳಿಗೆ ಊರಿನಲ್ಲಿ ಯಾರೂ ಮಾರಕೂಡದೆಂದು ಗ್ರಾಮಸಭೆಯಲ್ಲಿ ಒಮ್ಮೆ ಮಾತಾದರೆ ಸಾಕು, ಆತನೇ ಹಣ್ಣಾಗುವವರೆಗೆ ಕಾಯುವನು.

ಇವೆಲ್ಲಕ್ಕೂ ಆರಂಭವು ಹೂವಿನ ಕಾಲದಲ್ಲಿ. ಬರುವ ಪುಷ್ಯಮಾಸದಲ್ಲಿ ಊರಿನ ಹಿತ್ತಿಲುಗಳನ್ನು ಒಂದು ಸಲ ನೋಡಿಕೊಂಡು ಹೆಣ್ಣುಮರಗಳ ಕಾಂಡಕ್ಕೆ ಸುಣ್ಣದ ಪಟ್ಟೆ ಬಳಿಯಿರಿ. ಚೈತ್ರ ವೈಶಾಖಗಳಲ್ಲಿ ಅವುಗಳ ಹಣ್ಣನ್ನು ರುಚಿ ನೋಡಿ, ಕೃತ್ತಿಕೆಯೊಳಗೆ ಮುಗಿಯುವ ಮರಕ್ಕೆ ಎರಡನೆಯ ಪಟ್ಟೆ ಬಳಿಯಿರಿ. ಮನೆ ಕಟ್ಟಲೆಂದೋ ದಾರಿಗೆಂದೋ ಕಡಿಯಲಿರುವ ಮರದಲ್ಲಿ ಎರಡು ಪಟ್ಟೆ ಕಂಡರೆ, ಕೊಡಲಿಗೆ ಮೊದಲು ಕಸಿ ಬಲ್ಲವರನ್ನು ಕರೆಸಿ ಕುಡಿ ತೆಗೆಸಿ, ಒದ್ದೆಯ ಬಟ್ಟೆಯಲ್ಲಿ ಸುತ್ತಿ, ಅದೇ ದಿನ ಸಸ್ಯಕ್ಷೇತ್ರಕ್ಕೆ ಮುಟ್ಟಿಸತಕ್ಕದ್ದು.